ಕ್ಯಾಂಪರ್‌ನ ದೊಡ್ಡ ಟೇಬಲ್ ಬದಲಿಗೆ ತಿರುಗುವ ತೋಳಿನ ಟೇಬಲ್

ಕ್ಯಾಂಪರ್‌ನ (ಒಳಗೇ ಉಳಿದು ಮಲಗಲು ಅನುಕೂಲವಿರುವ ಪ್ರವಾಸದ ಗಾಡಿ) ಹಳೆಯ ಟೇಬಲ್ ಬಿಚ್ಚುವ ಮುನ್ನ ನೋಡಿಕೊಳ್ಳಿ: ರಾತ್ರಿ ಹಾಸಿಗೆಗೆ ಅದೇ ಹಲಗೆ ಆಧಾರವಾಗಿದ್ದರೆ, ಆ ಜಾಗಕ್ಕೆ ಸುತ್ತಿಡಬಹುದಾದ ಮರದ ಪಟ್ಟಿಗಳು ಬೇಕಾಗುತ್ತವೆ. ತಿರುಗುವ ತೋಳಿನ ಟೇಬಲ್‌ಗೆ ನೆಲದ ಮೇಲೆ ಕಾಲಿಲ್ಲ; ಸೀಟಿನ ಪೆಟ್ಟಿಗೆಗೆ ಬ್ರಾಕೆಟ್‌ನಿಂದ (ಲೋಹದ ಹಿಡಿಕೆ) ಕೂರಿಸಿದ ತೋಳೇ ಹಲಗೆಯನ್ನು ಹೊರುತ್ತದೆ, ಹಾಗಾಗಿ ಓಡಾಡಲು ಜಾಗ ಸಿಗುತ್ತದೆ. ಹಲಗೆಗೆ 12 ಮಿ.ಮೀ. ಪ್ಲೈವುಡ್, 45×75 ಸೆಂ.ಮೀ. ಇಬ್ಬರಿಗೆ ಸಾಕು.

ಕೆಡುವುದು ಬ್ರಾಕೆಟ್ ಕೂರಿಸುವಲ್ಲೇ. ಸೀಟಿನ ಪೆಟ್ಟಿಗೆಯ ತೆಳು ಹಲಗೆಗೆ ಬರೀ ಮರದ ಸ್ಕ್ರೂ ಹಾಕಿದರೆ, ಟೇಬಲ್ ತುದಿಗೆ ಯಾರಾದರೂ ಮೊಣಕೈ ಊರಿದಾಗ ಮೇಲಿನ ಸ್ಕ್ರೂಗಳು ಕಿತ್ತುಬರುತ್ತವೆ. ಒಳಗಡೆ 18 ಮಿ.ಮೀ. ಪ್ಲೈವುಡ್ ತುಂಡು ಅಂಟಿಸಿ, ಎರಡನ್ನೂ ಹಾಯುವ ಎಂ6 (6 ಮಿ.ಮೀ. ದಪ್ಪದ) ಬೋಲ್ಟ್, ಅಗಲ ವಾಷರ್, ನೈಲಾಕ್ ನಟ್ (ಒಳಗಿನ ನೈಲಾನ್ ಬಳೆಯಿಂದ ಸುಲಭವಾಗಿ ಸಡಿಲವಾಗದ ನಟ್) ಹಾಕಿ. ಕೊರೆಯುವ ಮೊದಲು ಹಿಂದೆ ವೈರ್, ನೀರಿನ ಪೈಪ್ ಇದೆಯೇ ಎಂದು ಖಂಡಿತ ನೋಡಿ. ಗಾಡಿ ಓಡುವಾಗ ಹಲಗೆ ತೆಗೆದು ಭದ್ರವಾಗಿ ಕಟ್ಟಿಡಿ. ಎಷ್ಟು ಬಿಗಿ ಮಾಡಿದರೂ ಕುಲುಕಾಟಕ್ಕೆ ತೋಳು ತಿರುಗಿಬಿಡಬಹುದು.