ಬ್ಲೋವರ್ ಬಿಸಿಗೆ ಮೆಥನಾಲ್ ಮದ್ದು: ನನ್ನ ಅನುಭವ

ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್) ಇರುವ ಕಾರಿಗೆ ಮೆಥನಾಲ್ ಇಂಜೆಕ್ಷನ್, ಅಂದರೆ ಒಳಹೋಗುವ ಗಾಳಿಗೆ ಮೆಥನಾಲ್-ನೀರಿನ ಸ್ಪ್ರೇ, ಹಾಕಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. ಎಷ್ಟು ಹಾರ್ಸ್‌ಪವರ್ ಜಾಸ್ತಿ ಆಯ್ತು? ಎಂಜಿನ್ ತಣ್ಣಗಿರುವಾಗ ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ನನಗೆ ಸಿಕ್ಕಿದ್ದು ಹದಿನೈದರ ಆಸುಪಾಸು. ಅಷ್ಟಕ್ಕೇ ಆಗಿದ್ದರೆ ನಾನದನ್ನು ಬಿಚ್ಚಿ ಇಡುತ್ತಿದ್ದೆ. ನನಗೆ ಬೇಕಾಗಿದ್ದು ಬೇರೆ. ಮೊದಲ ಸುತ್ತಿನಲ್ಲಿ ಸಿಗುವ ಎಳೆತ, ಟ್ರ್ಯಾಕಿನಲ್ಲಿ ಸುತ್ತು ಹಾಕಿ ಹಾಕಿ ಎಂಜಿನ್ ಕಾದ ಮೇಲೂ ಸಿಗಬೇಕಿತ್ತು. ಅದು ಸಿಕ್ಕಿದೆ. ಹಾಗಾಗಿ ಆ ಟ್ಯಾಂಕು, ಪಂಪು ಇವತ್ತಿಗೂ ಕಾರಿನಲ್ಲಿವೆ.

ನನ್ನದು ಎರಡು ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಬೆಲ್ಟಿನಿಂದ ತಿರುಗುವ ರೂಟ್ಸ್ ಬ್ಲೋವರ್. ಪುಲ್ಲಿ ಚಿಕ್ಕದು ಮಾಡಿ ಬೂಸ್ಟನ್ನು, ಅಂದರೆ ಗಾಳಿಯ ಹೆಚ್ಚುವರಿ ಒತ್ತಡವನ್ನು, 0.7 ಬಾರ್‌ಗೆ ತಂದಿದ್ದೇನೆ. ಬ್ಲೋವರ್ ಆದ ಮೇಲೆ ಗಾಳಿ ತಣಿಸಲು, ನೀರಿನಿಂದ ತಂಪಾಗುವ ಒಂದು ಸಣ್ಣ ಇಂಟರ್‌ಕೂಲರ್ ಇದೆ.

ರೂಟ್ಸ್ ಬ್ಲೋವರ್ ತನ್ನೊಳಗೆ ಗಾಳಿಯನ್ನು ಒತ್ತುವುದಿಲ್ಲ. ಬರೀ ಈ ಕಡೆಯಿಂದ ಆ ಕಡೆಗೆ ದಬ್ಬುತ್ತದೆ. ಮುಂದಿರುವ ಒತ್ತಡದ ಗಾಳಿ ಹಿಂದಕ್ಕೆ ನುಗ್ಗಿ ಹೊಸ ಗಾಳಿಯನ್ನು ಒತ್ತುತ್ತದೆ. ಈ ಜಗ್ಗಾಟದಲ್ಲಿ ಬಿಸಿ ಜಾಸ್ತಿ. ಹೊರಗೆ 30 ಡಿಗ್ರಿ, ಬೂಸ್ಟ್ 0.7 ಬಾರ್, ಬ್ಲೋವರಿನ ದಕ್ಷತೆ ಶೇಕಡಾ 60 ಅಂತ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಹೊರಬರುವ ಗಾಳಿ 110 ಡಿಗ್ರಿ ದಾಟುತ್ತದೆ. ದಕ್ಷತೆ 75 ಇರುವ ಬ್ಲೋವರಿನಲ್ಲಿ ಅದೇ ಲೆಕ್ಕ 96ಕ್ಕೆ ನಿಲ್ಲುತ್ತದೆ.

ಇಂಟರ್‌ಕೂಲರ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ಅದರೊಳಗಿನ ನೀರೂ ಕಾಯುತ್ತದೆ. ನನ್ನ ಲಾಗ್‌ನಲ್ಲಿ (ಸೆನ್ಸರ್ ದಾಖಲೆಯಲ್ಲಿ) ಮೊದಲ ಸುತ್ತಿಗೆ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಗಾಳಿ 60 ಡಿಗ್ರಿ ಸುತ್ತ ಇರುತ್ತಿತ್ತು. ಸುತ್ತು ಸುತ್ತಿಗೂ ಏರಿ 80 ದಾಟುತ್ತಿತ್ತು. ಅಷ್ಟರಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಚ್ಚುವ ಗಳಿಗೆಯನ್ನು, ಹಿಂದಕ್ಕೆ ಎಳೆದುಬಿಡುತ್ತಿತ್ತು. ಅದರ ಜೊತೆಗೆ ಸಣ್ಣಗೆ ನಾಕಿಂಗ್ (ಇಂಧನ ತಾನಾಗಿ ಸಿಡಿದು ಬರುವ ಬಡಿತ) ಶುರುವಾದರೆ ಇನ್ನೊಂದಿಷ್ಟು ಎಳೆಯುತ್ತಿತ್ತು. ಬೂಸ್ಟ್ ಗೇಜಿನಲ್ಲಿ ಮುಳ್ಳು ಅಲ್ಲೇ ಇದೆ, ಕಾರು ಮಾತ್ರ ಸಪ್ಪೆ. ಬ್ಲೋವರ್ ಕಾರು ಇಟ್ಟುಕೊಂಡವರಿಗೆ ಈ ಸಪ್ಪೆತನ ಚೆನ್ನಾಗಿ ಗೊತ್ತು, ಅಲ್ವಾ?

ಸೂಜಿ ಚುಚ್ಚುವ ಮೊದಲು ನರ್ಸ್ ಸ್ಪಿರಿಟ್ ಒರೆಸಿದಾಗ ಚರ್ಮ ತಣ್ಣಗಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಒಂದು ಕಿಲೋ ಮೆಥನಾಲ್ ಆವಿಯಾಗಲು ಸುಮಾರು 1,100 ಕಿಲೋಜೂಲ್ ಬಿಸಿ ಹೀರುತ್ತದೆ. ನೀರು ಅದರ ಎರಡರಷ್ಟು, 2,260ರ ಹತ್ತಿರ. ಪೆಟ್ರೋಲ್ ಹೀರುವುದು 350 ಸುಮಾರು. ಹಾಗಾದರೆ ಬರೀ ನೀರೇ ಸಾಕಲ್ಲ? ನೀರು ನಿಧಾನಕ್ಕೆ ಆವಿಯಾಗುತ್ತದೆ, ಬಹಳಷ್ಟು ಸಿಲಿಂಡರಿನ ಒಳಗೆ ಹೋದ ಮೇಲೆಯೇ. ಮೆಥನಾಲ್ ಪೈಪಿನಲ್ಲೇ ಬೇಗ ಆವಿಯಾಗುತ್ತದೆ, ಅದರ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಜಾಸ್ತಿ, ಮೇಲಾಗಿ ತಾನೂ ಇಂಧನವಾಗಿ ಉರಿಯುತ್ತದೆ. ಅದಕ್ಕೇ ಎರಡನ್ನೂ ಅರ್ಧರ್ಧ ಬೆರೆಸುತ್ತೇವೆ. ಇದು ಹೊಸದೇನಲ್ಲ. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜರ್ಮನಿಯ ಡೈಮ್ಲರ್-ಬೆನ್ಜ್ ಡಿಬಿ 605 ವಿಮಾನ ಎಂಜಿನ್‌ಗಳಿಗೆ ಎಂಡಬ್ಲ್ಯು 50 ಅನ್ನುವ ದ್ರವ ಬಳಸುತ್ತಿದ್ದರು. ಅವೂ ಸೂಪರ್‌ಚಾರ್ಜರ್ ಎಂಜಿನ್‌ಗಳೇ. ಆ ದ್ರವದಲ್ಲಿ ಅರ್ಧ ಮೆಥನಾಲ್, ಉಳಿದದ್ದು ಹೆಚ್ಚುಕಡಿಮೆ ಎಲ್ಲ ನೀರು, ತುಕ್ಕು ತಡೆಯಲು ಚೂರು ಎಣ್ಣೆ.

ಈಗ ಅಳತೆಗೆ ಬರೋಣ. ಪೂರ್ತಿ ಥ್ರಾಟಲ್‌ನಲ್ಲಿ ನನ್ನ ಎಂಜಿನ್ ನಿಮಿಷಕ್ಕೆ ಒಂದೂವರೆ ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅದರ ಶೇಕಡಾ 15 ಅಂದರೆ 225 ಮಿಲಿಲೀಟರ್ ಮಿಶ್ರಣ. ಅದು ಪೂರ್ತಿ ಪೈಪಿನಲ್ಲೇ ಆವಿಯಾಯಿತು ಅಂದುಕೊಂಡರೂ ಗಾಳಿ ತಣಿಯುವುದು 25 ಡಿಗ್ರಿ ಆಸುಪಾಸು ಮಾತ್ರ. ನನ್ನ ಲಾಗ್‌ನಲ್ಲಿ ಕಂಡದ್ದು 20ರ ಹತ್ತಿರ. ಐವತ್ತು, ಅರವತ್ತು ಡಿಗ್ರಿ ಇಳಿಯಿತು ಅಂತ ಯಾರಾದರೂ ಗ್ರಾಫ್ ತೋರಿಸಿದರೆ ಮೊದಲು ಸೆನ್ಸರ್ ಎಲ್ಲಿದೆ ಕೇಳಿ. ನಾಝಲ್‌ನ ಹನಿ ನೇರ ಸೆನ್ಸರ್ ಮೇಲೆ ಬಿದ್ದರೆ ಅದು ತೋರಿಸುವುದು ಒದ್ದೆ ಸೆನ್ಸರಿನ ತಂಪು, ಗಾಳಿಯದ್ದಲ್ಲ. ಆ ಸುಳ್ಳು ಅಂಕಿ ನಂಬಿ ಇಸಿಯು ಟೈಮಿಂಗ್ ಮುಂದಕ್ಕೆ ಹಾಕಿದರೆ ಪಿಸ್ಟನ್‌ಗೆ ಅಪಾಯ. ನಾನು ಸೆನ್ಸರನ್ನು ಮ್ಯಾನಿಫೋಲ್ಡಿನ ತುದಿಗೆ ಸರಿಸಿದೆ.

ನಾಝಲ್ ಮೇಲೆ ಬರೆದ ಅಳತೆಯನ್ನೂ ಹಾಗೇ ನಂಬಬೇಡಿ. ಅದು ಯಾವುದೋ ಒಂದು ಒತ್ತಡದಲ್ಲಿ ಅಳೆದದ್ದು. ನಾನು ಕಾರಿಗೆ ಹಾಕುವ ಮೊದಲು ಪಂಪಿಗೆ ನೇರವಾಗಿ ಬ್ಯಾಟರಿ ಕೊಟ್ಟು, ಬರೀ ನೀರಿನಲ್ಲಿ, ಅಳತೆಯ ಜಾಡಿಗೆ ಸ್ಪ್ರೇ ಮಾಡಿ ನೋಡಿದೆ. ಪಂಪು ಗುರ್ ಅಂತ ಹಿಡಿದುಕೊಂಡು ಒತ್ತಡ 10 ಬಾರ್ ದಾಟಿದ ಮೇಲೆ ನಾಝಲಿನ ತುದಿಯಲ್ಲಿ ಮಂಜಿನ ಒಂದು ಶಂಕು ನಿಂತಿತು. ಕೈ ಅಡ್ಡ ಹಿಡಿದರೆ ತಂಪು ತಾಗುತ್ತದೆ, ಹನಿ ಕಾಣುವುದಿಲ್ಲ. ಒತ್ತಡ ಕಡಿಮೆ ಮಾಡುತ್ತಾ ಬಂದರೆ 4-5 ಬಾರ್‌ಗೆ ಆ ಶಂಕು ಕುಸಿದು ಎಳೆ ಎಳೆಯಾಗಿ ಸುರಿಯತೊಡಗಿತು. ಆ ಎಳೆಗಳು ಆವಿಯಾಗುವುದಿಲ್ಲ, ಪೈಪಿನ ತಳದಲ್ಲಿ ಹರಿದು ಯಾವುದೋ ಒಂದು ಸಿಲಿಂಡರಿಗೆ ಸೇರುತ್ತವೆ. ಹಾಗಾಗಿ ಪಂಪು ಅಗ್ಗದ್ದು ಬೇಡ. ಮ್ಯಾನಿಫೋಲ್ಡಿನಲ್ಲಿರುವ ಬೂಸ್ಟನ್ನೂ ಎದುರಿಸಿ ಅದು ತಳ್ಳಬೇಕು.

ನಾಝಲನ್ನು ನಾನು ಇಂಟರ್‌ಕೂಲರ್ ಆದ ಮೇಲೆ, ಮ್ಯಾನಿಫೋಲ್ಡಿಗೆ ಒಂದು ಗೇಣು ಮುಂಚೆ ಕೂರಿಸಿದೆ. ರೂಟ್ಸ್ ಬ್ಲೋವರಿಗೆ ಮುಂಚೆಯೇ ಸ್ಪ್ರೇ ಮಾಡುವವರೂ ಇದ್ದಾರೆ. ರೋಟರ್ ತಣ್ಣಗಿರುತ್ತದೆ ಅನ್ನುವುದು ನಿಜ. ಆದರೆ ನನ್ನ ಬ್ಲೋವರಿನ ರೋಟರಿಗೆ ಲೇಪನ ಇದೆ, ಅದರ ಮೇಲೆ ಮೆಥನಾಲ್ ಸುರಿಯಲು ನನಗೆ ಧೈರ್ಯವಿಲ್ಲ. ಇನ್ನೊಂದು ಮಾತು. ನನ್ನ ಕಾರಿನಲ್ಲಿ ಥ್ರಾಟಲ್ ಬ್ಲೋವರಿಗೂ ಮುಂಚೆ ಇದೆ. ಆಕ್ಸಿಲರೇಟರ್ ಬಿಟ್ಟಾಗ ನಾಝಲ್ ಇರುವ ಜಾಗದಲ್ಲಿ ವ್ಯಾಕ್ಯೂಮ್ ಬರುತ್ತದೆ. ಪಂಪು ನಿಂತಿದ್ದರೂ ಅದು ಟ್ಯಾಂಕಿನಿಂದ ದ್ರವ ಹೀರಿಕೊಳ್ಳುತ್ತದೆ. ಅದನ್ನು ತಡೆಯಲು ನಾಝಲ್ ಪಕ್ಕದಲ್ಲೇ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಇರಲೇಬೇಕು.

ಸ್ಪ್ರೇ ನಾಲ್ಕೂ ಸಿಲಿಂಡರಿಗೆ ಸಮನಾಗಿ ಹೋಗುತ್ತಿದೆಯೇ? ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಅಲ್ಲೇ ಎಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆ. ಪ್ಲಗ್ಗಿನ ಬಾಗಿದ ಲೋಹದ ಮೇಲೆ ಬಿಸಿಯ ಬಣ್ಣ ಎಲ್ಲಿ ಬದಲಾಗಿದೆ ನೋಡಬೇಕು. ಮೊದಲ ಮೂರರಲ್ಲಿ ಆ ಗೆರೆ ಬಾಗಿದ ಜಾಗದಲ್ಲೇ ಇತ್ತು. ನಾಲ್ಕನೆಯದರಲ್ಲಿ ತುದಿಯ ಕಡೆಗೆ ಇತ್ತು, ಅಂದರೆ ಅದು ಉಳಿದವಕ್ಕಿಂತ ತಣ್ಣಗೆ. ದ್ರವ ಅಲ್ಲಿಗೆ ಜಾಸ್ತಿ ಹೋಗುತ್ತಿತ್ತು. ನಾಝಲನ್ನು ಗಾಳಿಗೆ ಇನ್ನಷ್ಟು ಎದುರಾಗಿ ಓರೆ ಮಾಡಿದ ಮೇಲೆ ವ್ಯತ್ಯಾಸ ಕಡಿಮೆಯಾಯಿತು.

ಟ್ಯೂನಿಂಗ್ ಬಗ್ಗೆ ನನ್ನ ನಿಲುವು ಗಟ್ಟಿ. ಮೆಥನಾಲ್ ಸೇರಿದಾಗ ನನ್ನ ಲ್ಯಾಂಬ್ಡಾ (ಗಾಳಿ-ಇಂಧನದ ಅನುಪಾತ; ಇಳಿದಷ್ಟೂ ಇಂಧನ ಜಾಸ್ತಿ) 0.80ರಿಂದ 0.77ರ ಹತ್ತಿರಕ್ಕೆ ಇಳಿಯಿತು. ಇಷ್ಟಕ್ಕೆ ಪೆಟ್ರೋಲ್ ಕತ್ತರಿಸಿ ಇನ್ನೊಂದಿಷ್ಟು ಶಕ್ತಿ ತೆಗೆಯಬಹುದಿತ್ತು. ನಾನು ಮುಟ್ಟಲಿಲ್ಲ. ಪೆಟ್ರೋಲ್ ಕತ್ತರಿಸಿದರೆ ಆ ಜಾಗ ತುಂಬುವ ಕೆಲಸ ಮೆಥನಾಲ್ ಮೇಲೆ ಬೀಳುತ್ತದೆ. ಅದು ನಿಂತ ಕ್ಷಣ ಎಂಜಿನ್ ಲೀನ್ ಆಗುತ್ತದೆ, ಅಂದರೆ ಇಂಧನ ಸಾಲುವುದಿಲ್ಲ. ಟೈಮಿಂಗನ್ನು ಮಾತ್ರ, ಹೆಡ್‌ಫೋನ್ ಹಾಕಿ ನಾಕಿಂಗ್ ಕೇಳುತ್ತಾ, ಒಂದೊಂದೇ ಡಿಗ್ರಿ ಮುಂದಕ್ಕೆ ತಂದೆ. ಮೂರು ಡಿಗ್ರಿ ಆದ ಮೇಲೆ ಟಾರ್ಕ್ ಏರಲಿಲ್ಲ, ಅಲ್ಲಿಗೇ ನಿಲ್ಲಿಸಿದೆ.

ಟರ್ಬೊ ಕಾರಿಗೂ ನಮ್ಮ ಕಾರಿಗೂ ನಿಜವಾದ ವ್ಯತ್ಯಾಸ ಇರುವುದು ಸ್ಪ್ರೇ ನಿಂತಾಗ. ಟರ್ಬೊದಲ್ಲಿ ಮೆಥನಾಲ್ ಖಾಲಿಯಾದರೆ ವೇಸ್ಟ್‌ಗೇಟ್ (ಟರ್ಬೊ ತಿರುಗಿಸುವ ಹೊಗೆಯನ್ನು ಹೊರಬಿಡುವ ಕದ) ತೆರೆದು ಬೂಸ್ಟ್ ಇಳಿಸಿಬಿಡಬಹುದು. ಬ್ಲೋವರ್ ಬೆಲ್ಟಿಗೆ ಕಟ್ಟಿಕೊಂಡಿದೆ. ಕ್ರ್ಯಾಂಕ್ ತಿರುಗಿದಷ್ಟು ಅದೂ ತಿರುಗುತ್ತದೆ, ಬೂಸ್ಟ್ ಕೊಡುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಸುರಕ್ಷತಾ ವ್ಯವಸ್ಥೆ ಮೂರು ಕೆಲಸ ಮಾಡಬೇಕು: ಟೈಮಿಂಗ್ ಹಿಂದಕ್ಕೆ ಎಳೆಯಬೇಕು, ಬ್ಲೋವರಿನ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್ ತೆರೆಯಬೇಕು, ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಅದನ್ನೂ ಮುಚ್ಚಬೇಕು. ನನ್ನ ಕಾರಿನಲ್ಲಿ ಬೈಪಾಸ್ ವ್ಯಾಕ್ಯೂಮಿನಿಂದ ನಡೆಯುತ್ತಿತ್ತು. ಅದಕ್ಕೆ ಪ್ರತ್ಯೇಕ ಸೊಲೆನಾಯ್ಡ್ ಹಾಕಿ, ಬೂಸ್ಟ್ ಇರುವಾಗಲೂ ಇಸಿಯು ಅದನ್ನು ತೆರೆಯುವ ಹಾಗೆ ಮಾಡಿದೆ.

ಸ್ಪ್ರೇ ನಿಂತದ್ದು ಇಸಿಯುಗೆ ಗೊತ್ತಾಗುವುದು ಹೇಗೆ? ಟ್ಯಾಂಕಿನ ಮಟ್ಟ ತೋರಿಸುವ ಸೆನ್ಸರ್ ಒಂದೇ ಸಾಲದು, ಪೈಪು ಕಿತ್ತುಹೋದರೆ ಅದಕ್ಕೆ ತಿಳಿಯುವುದಿಲ್ಲ. ಒತ್ತಡದ ಸೆನ್ಸರ್ ಕೂಡ ಸಾಲದು, ನಾಝಲ್ ಕಟ್ಟಿಕೊಂಡಾಗಲೂ ಒತ್ತಡ ಚೆನ್ನಾಗೇ ಕಾಣುತ್ತದೆ. ಹರಿವು ಅಳೆಯುವ ಸೆನ್ಸರ್ ಬೇಕು. ಅದಕ್ಕೂ ಕೆಳಗಿನ ಮಿತಿಯ ಜೊತೆ ಮೇಲಿನ ಮಿತಿಯನ್ನೂ ಹಾಕಬೇಕು. ಸೆನ್ಸರ್ ಆದ ಮೇಲೆ ಪೈಪು ಒಡೆದರೆ ಹರಿವು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ! ಎಲ್ಲ ಜೋಡಿಸಿದ ಮೇಲೆ ನಾನು ಬೇಕಂತಲೇ ಪಂಪಿನ ಫ್ಯೂಸ್ ತೆಗೆದು, ಕಡಿಮೆ ಗೇರಿನಲ್ಲಿ ಕಾರು ಎಳೆಸಿದೆ. ಬೂಸ್ಟ್ ಮುಳ್ಳು ಏರಲು ಹೋಗಿ ಅರ್ಧಕ್ಕೇ ಬಿತ್ತು. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಮೂರು ಡಿಗ್ರಿ ಟೈಮಿಂಗ್ ಕೊಟ್ಟದ್ದು. ಈ ಪರೀಕ್ಷೆ ಮಾಡದೆ ಯಾರೂ ಮೆಥನಾಲ್ ನಂಬಿ ಓಡಿಸಬೇಡಿ, ದಯವಿಟ್ಟು.

ಇನ್ನು ಮೆಥನಾಲ್ ವಿಷ. ಸ್ವಲ್ಪ ಕುಡಿದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ತೆಳುವಾದ ನೈಟ್ರೈಲ್ ಗ್ಲೌಸ್ ಹೆಚ್ಚು ಹೊತ್ತು ತಡೆಯುವುದಿಲ್ಲ, ಬ್ಯೂಟೈಲ್ ರಬ್ಬರಿನದ್ದು ಬೇಕು. ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ. ಅರ್ಧ ನೀರು ಬೆರೆತರೂ ಉರಿಯುತ್ತದೆ. ಟ್ಯಾಂಕನ್ನು ಜನ ಕೂರುವ ಜಾಗದಿಂದ ಬೇರೆ ಮಾಡಿ, ಅದರ ಗಾಳಿ ಪೈಪನ್ನು ಕಾರಿನ ಹೊರಗೆ ಬಿಡಿ. ಕುಡಿಯುವ ನೀರಿನ ಬಾಟಲಿಗೆ ಯಾವ ಕಾರಣಕ್ಕೂ ಸುರಿಯಬೇಡಿ. ಅಲ್ಯೂಮಿನಿಯಂ ಅದಕ್ಕೆ ಆಗಿಬರುವುದಿಲ್ಲ, ಹಾಗಾಗಿ ಜಾಯಿಂಟುಗಳೆಲ್ಲ ಸ್ಟೇನ್‌ಲೆಸ್. ನೀರು ಡಿಸ್ಟಿಲ್ಡ್ ಆಗಿರಲಿ, ಇಲ್ಲದಿದ್ದರೆ ನಾಝಲಿನ ರಂಧ್ರದಲ್ಲಿ ಉಪ್ಪು ಕಟ್ಟುತ್ತದೆ.

ಟ್ಯಾಂಕ್ ತುಂಬಿಸುವ ಶಿಸ್ತು ಇಲ್ಲದವರು ಇದರ ಸಹವಾಸಕ್ಕೆ ಬರಲೇಬಾರದು. 1962ರಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಅನ್ನುವ ಟರ್ಬೊ ಕಾರು ತಂದಿತ್ತು. ಅದಕ್ಕೂ ನೀರು ಮತ್ತು ಮೆಥನಾಲ್ ಸೇರಿದ ದ್ರವ ಬೇಕಿತ್ತು, ಖಾಲಿಯಾದರೆ ಬೂಸ್ಟ್ ತಾನೇ ತಗ್ಗುತ್ತಿತ್ತು. ಎಷ್ಟೋ ಮಾಲೀಕರು ತುಂಬಿಸಲೇ ಇಲ್ಲ. ಎರಡು ವರ್ಷಕ್ಕೆ ಆ ಮಾದರಿಯೇ ನಿಂತಿತು.

ನನ್ನ ಕಾರು ನೋಡಿ ಒಬ್ಬ ಗೆಳೆಯ, "ಲೋ, ನಂಗೂ ಒಂದು ಹಾಕ್ಕೊಡೋ" ಅಂದ. "ಮೊದ್ಲು ಲಾಗ್ ತೋರ್ಸು" ಅಂದೆ. ಅವನದ್ದು ಸೆಂಟ್ರಿಫ್ಯೂಗಲ್ ಬ್ಲೋವರ್, ಬೂಸ್ಟ್ 0.4 ಬಾರ್, ಮುಂದುಗಡೆ ದೊಡ್ಡ ಇಂಟರ್‌ಕೂಲರ್. ಗಾಳಿ ಹೊರಗಿನ ಬಿಸಿಗಿಂತ 15 ಡಿಗ್ರಿ ಜಾಸ್ತಿ ಎಲ್ಲೂ ಏರಿಲ್ಲ, ಟೈಮಿಂಗ್ ಒಂದು ಡಿಗ್ರಿಯೂ ಹಿಂದೆ ಹೋಗಿಲ್ಲ. "ನಿನಗೆ ಬೇಡ ಕಣೋ, ಸುಮ್ನೆ ಇರೋ ಹಾಗೇ ಓಡ್ಸು" ಅಂತ ಕಳಿಸಿದೆ. ಇಂಟರ್‌ಕೂಲರಿಗೆ ಜಾಗವೇ ಇಲ್ಲದ, ಟೈಮಿಂಗ್ ಪ್ರತಿ ಸಲ ಕುಸಿಯುವ ರೂಟ್ಸ್ ಕಾರು ತಂದಿದ್ದರೆ ಅವತ್ತೇ ಡ್ರಿಲ್ ಕೈಗೆ ತೆಗೆದುಕೊಳ್ಳುತ್ತಿದ್ದೆ.

ಮೆಥನಾಲ್ ಮನೆಯಲ್ಲಿ ಇಡಲು ಆಗದವರು ಬರೀ ನೀರಿನಿಂದ ಶುರು ಮಾಡಬಹುದು. ಬಿಎಂಡಬ್ಲ್ಯು ತನ್ನ ಎಂ4 ಜಿಟಿಎಸ್ ಕಾರಿಗೆ ಕಾರ್ಖಾನೆಯಲ್ಲೇ ಹಾಕಿದ್ದು ಬರೀ ನೀರಿನ ಸ್ಪ್ರೇ. ಪಂಪು, ಪೈಪು, ಸೆನ್ಸರ್ ಎಲ್ಲ ಇವೇ ಸಾಕು. ನಾಝಲ್ ಒಂದು ಅಳತೆ ಚಿಕ್ಕದಿರಲಿ, ನೀರು ಜಾಸ್ತಿಯಾದರೆ ಕಿಡಿ ಆರಿ ಎಂಜಿನ್ ತಡವರಿಸುತ್ತದೆ. ಮುಂದೆ ಮೆಥನಾಲಿಗೆ ಬದಲಾಯಿಸಿದರೆ ಅದಕ್ಕೆ ಬೇರೆಯೇ ಮ್ಯಾಪ್ (ಇಸಿಯು ಸೆಟ್ಟಿಂಗ್) ಮಾಡಿಸಿ. ಮೆಥನಾಲ್ ಮ್ಯಾಪ್ ಇಟ್ಟುಕೊಂಡು ನೀರು ತುಂಬಿಸಿ ಓಡಿಸಬೇಡಿ. ಹರಿವಿನ ಸೆನ್ಸರಿಗೆ ಎರಡೂ ಒಂದೇ ಥರ ಕಾಣುತ್ತವೆ, ಅದು ಎಚ್ಚರಿಸುವುದಿಲ್ಲ.