ವಿಜಯಪುರದ ಸವುಳು ನೀರಿನಲ್ಲಿ ಎಚ್‌ಸಿ ಕ್ಯೂಬಾ

ಎಚ್‌ಸಿ ಕ್ಯೂಬಾ ಎಂಬ ಅಕ್ವೇರಿಯಂ ಗಿಡ ಎರಡು ಬಾರಿ ನನ್ನ ಕೈಯಲ್ಲಿ ಸತ್ತಿತು. ಮೂರನೆಯ ಬಾರಿ ನೆಟ್ಟದ್ದು ನಮ್ಮ ನಡುಮನೆಯ ಗಾಜಿನ ತೊಟ್ಟಿಯಲ್ಲಿ ಈಗ ಎರಡನೆಯ ಬೇಸಿಗೆಯನ್ನು ದಾಟಿ ನಿಂತಿದೆ. ವಿಜಯಪುರದ ಬಿಸಿಲಿನಲ್ಲಿ, ಕೊಳವೆಬಾವಿಯ ನೀರಿನಲ್ಲಿ ಇದು ಆಗದ ಕೆಲಸ ಎಂದು ಗಿಡ ಮಾರಿದವರೇ ನನಗೆ ಹೇಳಿದ್ದರು. ನಮ್ಮ ಭಾಗದಲ್ಲಿ ಇದನ್ನು ಬೆಳೆಸಲು ಹೋಗಿ ಕೈಬಿಟ್ಟವರು ಇನ್ನೂ ಇದ್ದಾರೆ. ಅವರಿಗಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಗಿಡದ ಪೂರ್ತಿ ಹೆಸರು ಹೆಮಿಯಾಂಥಸ್ ಕ್ಯಾಲಿಟ್ರಿಕಾಯ್ಡಿಸ್. ಕ್ಯೂಬಾ ದ್ವೀಪದಿಂದ ಇದನ್ನು ಅಕ್ವೇರಿಯಂಗೆ ತಂದವರು ಡೆನ್ಮಾರ್ಕಿನ ಹೋಲ್ಗರ್ ವಿಂಡೆಲೊವ್. ತೊಟ್ಟಿಯಲ್ಲಿ ಬೆಳೆಯುವ ಸಸ್ಯಗಳಲ್ಲಿ ಇದಕ್ಕಿಂತ ಚಿಕ್ಕವು ಬಹಳ ಇಲ್ಲ. ಎಲೆ ಸಾಸಿವೆ ಕಾಳಿನಷ್ಟು, ಜೋಡಿ ಜೋಡಿಯಾಗಿ ಎದುರುಬದುರು ಮೂಡುತ್ತದೆ. ಕಾಂಡ ನೂಲಿನ ಎಳೆಯಷ್ಟು ತೆಳು. ಮಣ್ಣಿಗೆ ಅಂಟಿಕೊಂಡು ಹರಿದಾಡಿ, ಪ್ರತಿ ಗೆಣ್ಣಿನಲ್ಲೂ ಬೇರು ಬಿಟ್ಟು, ಕೊನೆಗೆ ಮಣ್ಣೇ ಕಾಣದಂತೆ ಹಾಸಿಬಿಡುತ್ತದೆ. ಆ ಹಾಸಿನ ಮೇಲೆ ಸಂಜೆಯ ಹೊತ್ತಿಗೆ ಆಮ್ಲಜನಕದ ಸಣ್ಣ ಗುಳ್ಳೆಗಳು ಮುತ್ತಿನಂತೆ ಕೂತಿರುವುದನ್ನು ಒಮ್ಮೆ ನೋಡಿದವರು ಬೇರೆ ಗಿಡದಿಂದ ತೃಪ್ತರಾಗುವುದಿಲ್ಲ. ನಾನಂತೂ ಆಗಲಿಲ್ಲ.

ನನ್ನದು ರಸಗೊಬ್ಬರದ ಅಂಗಡಿ. ಗಿರಾಕಿಗಳಲ್ಲಿ ಹೆಚ್ಚಿನವರು ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು. ನೀರಿನಲ್ಲಿ ಕರಗುವ ಗೊಬ್ಬರ ದಿನವೂ ಕೈಯಲ್ಲಿ ಓಡಾಡುವುದರಿಂದ ಗಿಡಕ್ಕೆ ಏನು ಕೊಡಬೇಕೆಂಬುದು ನನಗೆ ಗೊತ್ತು ಎಂದುಕೊಂಡಿದ್ದೆ. ಮೊದಲ ಸಲ ತೊಟ್ಟಿಗೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 19:19:19 ಗೊಬ್ಬರ ಹಾಕಿದೆ. ಅದರ ಸಾರಜನಕದಲ್ಲಿ ಹೆಚ್ಚಿನ ಪಾಲು ಯೂರಿಯಾ ಮತ್ತು ಅಮೋನಿಯಂ ರೂಪದ್ದು. ಹೊಲದಲ್ಲಿ ಅದು ಒಳ್ಳೆಯದೇ, ಆದರೆ ತೊಟ್ಟಿಯಲ್ಲಿ ಅಮೋನಿಯಾ ಏರುತ್ತದೆ. ಮೂರು ದಿನದಲ್ಲಿ ಆರು ಮೀನು ಸತ್ತವು, ವಾರದಲ್ಲಿ ನೀರು ಹಸಿರು ಗಂಜಿಯಾಯಿತು. ಆ ಮೀನುಗಳನ್ನು ಸಾಕಿದ್ದು ನನ್ನ ಮಗಳು. ಆ ನೋವು ಈಗಲೂ ಹೋಗಿಲ್ಲ.

ಎರಡನೆಯ ಸಲ ಓದಿ, ಕೇಳಿ, ಸಾಮಾನೆಲ್ಲ ಹೊಂದಿಸಿಕೊಂಡೆ. ಇಂಗಾಲದ ಡೈಆಕ್ಸೈಡಿನ ಸಿಲಿಂಡರ್, ರೆಗ್ಯುಲೇಟರ್, ಒಳ್ಳೆಯ ಎಲ್‌ಇಡಿ ದೀಪ, ಅಕ್ವಾಸಾಯಿಲ್ ಎಂಬ ಕಾಳಿನಂಥ ಆಮ್ಲೀಯ ಮಣ್ಣು. ಫೆಬ್ರವರಿಯಲ್ಲಿ ನೆಟ್ಟೆ. ಮೊದಲ ಮೂರು ವಾರ ಗಿಡ ಚೆನ್ನಾಗಿಯೇ ಇತ್ತು. ಆಮೇಲೆ ತುದಿ ಎಲೆಗಳು ಹಳದಿಯಾಗಿ ಬಿಳಿಚಿಕೊಳ್ಳತೊಡಗಿದವು. ಕಬ್ಬಿಣದ ಕೊರತೆ ಎಂದು ಇಡಿಟಿಎ ಕಬ್ಬಿಣ, ಅಂದರೆ ಇಡಿಟಿಎ ಎಂಬ ರಾಸಾಯನಿಕ ಕರಗಿದ ರೂಪದಲ್ಲಿ ಹಿಡಿದಿಟ್ಟ ಕಬ್ಬಿಣ, ಕೊಟ್ಟೆ, ಸುಧಾರಿಸಲಿಲ್ಲ. ಇನ್ನಷ್ಟು ಕೊಟ್ಟೆ. ಏಪ್ರಿಲ್ ಬರುವಷ್ಟರಲ್ಲಿ ಗಿಡ ಕರಗಿ ಲೋಳೆಯಾಯಿತು.

ಆ ದಿನಗಳಲ್ಲಿ ಅಂಗಡಿಗೆ ಬಂದ ಹಿರಿಯ ಬೆಳೆಗಾರರೊಬ್ಬರಿಗೆ ಮೊಬೈಲಿನಲ್ಲಿದ್ದ ಗಿಡದ ಚಿತ್ರ ತೋರಿಸಿದೆ. ಅವರನ್ನು ನಾನು ಕಾಕಾ ಎಂದೇ ಕರೆಯುವುದು. ಚಿತ್ರವನ್ನು ದೊಡ್ಡದು ಮಾಡಿ ನೋಡಿ, “ತಮ್ಮಾ, ಎಲೆ ನೋಡಿ ಗೊಬ್ಬರ ಹಾಕುತ್ತಿದ್ದೀಯ, ನೀರು ನೋಡಿದ್ದೀಯೇನು?” ಎಂದರು. ದ್ರಾಕ್ಷಿಗೆ ನೀರಿನ ಪರೀಕ್ಷೆ ಮಾಡಿಸಿ ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವ ನಾನು ನನ್ನ ತೊಟ್ಟಿಯ ನೀರನ್ನು ಅಳೆದಿರಲಿಲ್ಲ.

ಅಂದೇ ಸಂಜೆ ಅಳೆದೆ. ಮನೆಯ ಕೊಳವೆಬಾವಿಯ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, 1100, ಕಾರ್ಬೊನೇಟ್ ಗಡಸುತನ, ಅಂದರೆ ಕೆಎಚ್, 17. ಆಗ ಹಿಂದಿನದೆಲ್ಲ ಒಂದೊಂದಾಗಿ ಅರ್ಥವಾಯಿತು. ಅಕ್ವಾಸಾಯಿಲ್ ನೀರಿನ ಕಾರ್ಬೊನೇಟನ್ನು ಹೀರಿಕೊಂಡು ನೀರನ್ನು ಮೆದುಗೊಳಿಸುತ್ತದೆ, ಆದರೆ ಆ ಶಕ್ತಿಗೆ ಮಿತಿಯಿದೆ. ಪ್ರತಿ ವಾರ ಬದಲಿಸಿದ ಸವುಳು ನೀರು ಅದನ್ನು ಮೂರೇ ವಾರದಲ್ಲಿ ಮುಗಿಸಿತ್ತು. ಆಮೇಲೆ ಪಿಎಚ್ ಏರಿತು. ಸುಮಾರು 6.5 ದಾಟಿದ ಮೇಲೆ ಇಡಿಟಿಎ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಿಡುವುದಿಲ್ಲ. ನಾನು ಹಾಕಿದ ಕಬ್ಬಿಣ ಗಿಡಕ್ಕೆ ಮುಟ್ಟಲೇ ಇಲ್ಲ.

ಮೂರನೆಯ ಸಲ ನೀರಿನಿಂದ ಆರಂಭಿಸಿದೆ. ಓಣಿಯ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಓ ನೀರಿನ ಟಿಡಿಎಸ್ 40 ಇತ್ತು. ನಾಲ್ಕು ಪಾಲು ಅದಕ್ಕೆ ಒಂದು ಪಾಲು ಕೊಳವೆಬಾವಿಯ ನೀರು ಬೆರೆಸಿದರೆ ಕೆಎಚ್ 3ರಿಂದ 4ರೊಳಗೆ ನಿಲ್ಲುತ್ತದೆ. ಬರೀ ಆರ್‌ಓ ನೀರು ಬೇಡ, ಗಿಡಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕೇ ಬೇಕು. ನಮ್ಮ ಸವುಳು ನೀರಿನ ಐದನೆಯ ಒಂದು ಪಾಲು ಅದನ್ನು ಪುಕ್ಕಟೆಯಾಗಿ ಕೊಡುತ್ತದೆ. ಕೆಎಚ್ 4 ಇದ್ದು ಪಿಎಚ್ 6.6 ಇದ್ದರೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಸುಮಾರು 30 ಮಿಲಿಗ್ರಾಂ ಇದೆ ಎಂದು ಲೆಕ್ಕ. ಈ ಗಿಡಕ್ಕೆ ಬೇಕಾದ್ದು ಅಷ್ಟೇ.

ಎರಡನೆಯ ಮಾತು ಋತು. ಎರೆ ಹೊಲದ ಬಿಳಿಜೋಳಕ್ಕೆ ನಾವು ಹದ ನೋಡಿ ಕೂರಿಗೆ ಹೂಡುತ್ತೇವೆ, ಚೈತ್ರದ ಬಿಸಿಲಿಗೆ ಯಾರೂ ಬಿತ್ತುವುದಿಲ್ಲ. ತೊಟ್ಟಿ ಮನೆಯೊಳಗಿದೆ ಎಂಬ ಧೈರ್ಯದಲ್ಲಿ ನಾನು ಫೆಬ್ರವರಿಯಲ್ಲಿ ನೆಟ್ಟಿದ್ದೆ. ಬೇರೂರುವ ಹೊತ್ತಿಗೆ ಸರಿಯಾಗಿ ಸೆಕೆ ಬಂತು. ಈ ಗಿಡಕ್ಕೆ 22ರಿಂದ 25 ಡಿಗ್ರಿ ಹಿತ. ನೀರು ಬಿಸಿಯಾದಂತೆ ಅದರಲ್ಲಿ ಅನಿಲ ಕರಗುವುದು ಕಡಿಮೆ, ಗಿಡದ ಉಸಿರಾಟದ ಖರ್ಚು ಮಾತ್ರ ಹೆಚ್ಚು. ಹಾಗಾಗಿ ಈ ಸಲ ದೀಪಾವಳಿ ಮುಗಿಯುತ್ತಿದ್ದಂತೆ ನೆಟ್ಟೆ.

ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ. ಮಣ್ಣು ಬಿಟ್ಟು 55 ಲೀಟರ್ ನೀರು ಹಿಡಿಯುತ್ತದೆ. ಈ ಬಾರಿ ನೀರು ತುಂಬಿಸದೆಯೇ ಬೆಳೆಸಿದೆ. ಡ್ರೈ ಸ್ಟಾರ್ಟ್ ಎನ್ನುವ ಈ ಕ್ರಮ ಎಚ್‌ಸಿಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಇದರ ಬೇರು ಎಷ್ಟು ನವಿರೆಂದರೆ ನೀರಿನಲ್ಲಿ ನೆಟ್ಟರೆ ಅರ್ಧಕ್ಕರ್ಧ ಮರುದಿನವೇ ಮೇಲೆ ತೇಲುತ್ತದೆ. ಕುಂಡದ ಗಿಡವನ್ನು ಕತ್ತರಿಯಿಂದ ಒಂದು ಸೆಂಟಿಮೀಟರಿನ ತುಂಡುಗಳಾಗಿ ಬಿಡಿಸಿಕೊಂಡೆ. ಉದ್ದನೆಯ ಚಿಮಟದಲ್ಲಿ ಬೇರಿನ ಬುಡ ಹಿಡಿದು, ಮಣ್ಣಿನೊಳಗೆ ಓರೆಯಾಗಿ ಇಳಿಸಿ, ಚಿಮಟವನ್ನು ಸ್ವಲ್ಪ ಅಲುಗಿಸಿ, ತುದಿ ಅಗಲಿಸಿ ಮೆಲ್ಲಗೆ ಹೊರಗೆಳೆಯಬೇಕು. ನೇರ ಎಳೆದರೆ ಗಿಡವೂ ಜೊತೆಗೆ ಬರುತ್ತದೆ. ಎಲೆಯ ತುದಿಯಷ್ಟೇ ಮಣ್ಣಿನ ಮೇಲೆ ಕಾಣುವಂತೆ ನೆಡಬೇಕು. ಎರಡು ಬೆರಳಿನ ಅಂತರದಲ್ಲಿ 80 ತುಂಡು ನೆಡಲು ಎರಡು ರಾತ್ರಿ ಹಿಡಿಯಿತು.

ಮಣ್ಣಿನ ಮಟ್ಟಕ್ಕಷ್ಟೇ ನೀರು ನಿಲ್ಲಿಸಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ದಿನಕ್ಕೆ ಹತ್ತು ತಾಸು ದೀಪ ಹಾಕಿದೆ. ಬೆಳಿಗ್ಗೆ ಹಾಳೆ ತೆಗೆದು ಐದು ನಿಮಿಷ ಗಾಳಿಯಾಡಲು ಬಿಟ್ಟು, ಹನಿ ಸಿಂಪಡಿಸಿ ಮತ್ತೆ ಮುಚ್ಚುವುದು. ಹತ್ತನೆಯ ದಿನ ಒಂದು ಮೂಲೆಯಲ್ಲಿ ಜೇಡರ ಬಲೆಯಂಥ ಬಿಳಿ ಬೂಷ್ಟು ಕಾಣಿಸಿತು. ಆ ಮೂರು ತುಂಡುಗಳನ್ನು ಕಿತ್ತೆಸೆದು, ಗಾಳಿಯಾಡುವ ಹೊತ್ತನ್ನು ಅರ್ಧ ತಾಸಿಗೆ ಏರಿಸಿದೆ, ನಿಂತಿತು. ಏಳು ವಾರದಲ್ಲಿ ತುಂಡುಗಳ ನಡುವಿನ ಕಪ್ಪು ಮಣ್ಣು ಮುಚ್ಚಿಹೋಯಿತು. ಗಾಜಿನ ಬದಿಯಿಂದ ನೋಡಿದರೆ ಬಿಳಿ ಬೇರುಗಳು ಮಣ್ಣಿನ ಕಾಳುಗಳ ಸಂದಿಯಲ್ಲಿ ಇಳಿದಿರುವುದು ಕಾಣುತ್ತಿತ್ತು.

ಸಿದ್ಧೇಶ್ವರ ಜಾತ್ರೆಯ ವಾರ ನೀರು ತುಂಬಿದೆ, ಮಣ್ಣು ಕದಡದಂತೆ ತಟ್ಟೆಯ ಮೇಲೆ ಸಣ್ಣ ಧಾರೆಯಾಗಿ. ಇಲ್ಲಿಯವರೆಗೆ ಗಾಳಿಯಿಂದ ಇಂಗಾಲ ಪಡೆದ ಗಿಡ ಈಗ ಅದನ್ನು ನೀರಿನಿಂದ ಪಡೆಯಬೇಕು, ಆದ್ದರಿಂದ ಮೊದಲ ದಿನದಿಂದಲೇ ಅನಿಲ ಧಾರಾಳವಾಗಿರಬೇಕು. ತೊಟ್ಟಿಯಲ್ಲಿ ಜೀವಿಗಳಿಲ್ಲದ ಆ ಹೊತ್ತು ಅದಕ್ಕೆ ಅನುಕೂಲ. ಮೊದಲ ವಾರ ದಿನವೂ ಅರ್ಧ ನೀರು ಬದಲಿಸಿದೆ, ಎರಡನೆಯ ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ಹೊಸ ಅಕ್ವಾಸಾಯಿಲ್ ಅಮೋನಿಯಾ ಬಿಡುತ್ತದೆ, ಇದನ್ನು ತಪ್ಪಿಸುವಂತಿಲ್ಲ. ಸೀಗಡಿಗಳನ್ನು ಬಿಟ್ಟದ್ದು ಐದನೆಯ ವಾರ.

ಗೊಬ್ಬರದ ಬಗ್ಗೆ ನನ್ನ ಅಂಗಡಿಯ ಭಾಷೆಯಲ್ಲೇ ಹೇಳುತ್ತೇನೆ. ಪೊಟ್ಯಾಷಿಯಂ ನೈಟ್ರೇಟ್ ಅಂದರೆ 13:0:45. ನನ್ನ ತೊಟ್ಟಿಗೆ ಒಂದು ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 11 ಮಿಲಿಗ್ರಾಂ ನೈಟ್ರೇಟ್ ಸಿಗುತ್ತದೆ, ವಾರಕ್ಕೆ ಅದು ಸಾಕು. ರಂಜಕಕ್ಕೆ 0:52:34, ವಾರಕ್ಕೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಇಷ್ಟು ಸಣ್ಣ ತೂಕಕ್ಕೆ ತಕ್ಕಡಿ ನಂಬಬೇಡಿ, ಅರ್ಧ ಲೀಟರ್ ನೀರಿಗೆ 4 ಗ್ರಾಂ ಕರಗಿಸಿಟ್ಟು 10 ಮಿಲಿಲೀಟರ್ ಅಳೆದು ಹಾಕಿ. 12:61:0 ಮುಟ್ಟಬೇಡಿ, ಅದರಲ್ಲಿರುವುದು ಅಮೋನಿಯಂ. ಹೊಲಕ್ಕೆ ಮಾರುವ ಲಘು ಪೋಷಕಾಂಶದ ಮಿಶ್ರಣವನ್ನೂ ಕಣ್ಣುಮುಚ್ಚಿ ಹಾಕಬೇಡಿ, ಅದರಲ್ಲಿ ತಾಮ್ರ ಇರುತ್ತದೆ, ಸೀಗಡಿಗೆ ತಾಮ್ರ ವಿಷ. ಕಬ್ಬಿಣಕ್ಕೆ ನಾನೀಗ, ಪಿಎಚ್ ತುಸು ಏರಿದರೂ ಅದನ್ನು ಹಿಡಿದಿಡುವ ಡಿಟಿಪಿಎ ರೂಪದ್ದನ್ನೇ ಬಳಸುತ್ತೇನೆ.

ಒಂದು ಸಲ ದಾರದಂಥ ಪಾಚಿ ಹಾಸಿನ ತುಂಬ ಹಬ್ಬಿತು. ವಾರವಿಡೀ ಕಾರಣ ಹುಡುಕಿದೆ. ದೀಪದ ಪ್ಲಗ್ ಇನ್ವರ್ಟರ್ ಸಾಲಿನಲ್ಲಿತ್ತು, ಅನಿಲದ ವಾಲ್ವ್ ಬರೀ ಕರೆಂಟಿನ ಸಾಲಿನಲ್ಲಿತ್ತು. ವಿದ್ಯುತ್ ಹೋದಾಗಲೆಲ್ಲ ದೀಪ ಉರಿಯುತ್ತಿತ್ತು, ಅನಿಲ ನಿಲ್ಲುತ್ತಿತ್ತು. ಎರಡನ್ನೂ ಒಂದೇ ಬೋರ್ಡಿಗೆ ತಂದೆ. ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ತೆಗೆದ ಮೇಲೆ ಅದು ಮರಳಿ ಬರಲಿಲ್ಲ.

ಕತ್ತರಿಸಲು ಮಾತ್ರ ಹಿಂಜರಿಯಬೇಡಿ. ಹಾಸು ಮೂರು ಸೆಂಟಿಮೀಟರ್ ದಪ್ಪವಾಯಿತೆಂದರೆ ಕೆಳಗಿನ ಪದರಕ್ಕೆ ಬೆಳಕಿಲ್ಲದೆ ಕೊಳೆತು, ಇಡೀ ಹಾಸು ಕಂಬಳಿಯಂತೆ ಎದ್ದು ಬರುತ್ತದೆ. ಒಂದೂವರೆ ಸೆಂಟಿಮೀಟರಿಗೆ ಬಾಗಿದ ಕತ್ತರಿಯಿಂದ ಕತ್ತರಿಸಿ, ತುಣುಕುಗಳನ್ನು ಕೂಡಲೇ ಕೊಳವೆಯಿಂದ ಎಳೆದುಬಿಡಿ.

ಬೇಸಿಗೆಯನ್ನು ದಾಟಿಸಿದ್ದು ಒಂದು ಸಣ್ಣ ಫ್ಯಾನ್. ಮೇ ತಿಂಗಳಲ್ಲಿ ನಡುಮನೆ 37 ಡಿಗ್ರಿ ಇದ್ದಾಗ ನೀರು 33 ತಲುಪಿತ್ತು. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಫ್ಯಾನ್ ಕಟ್ಟಿದ ಮೇಲೆ 28ಕ್ಕೆ ಇಳಿಯಿತು. ಹರವಿಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ: ಆವಿಯಾಗುವ ನೀರು ಶಾಖವನ್ನು ಹೊತ್ತೊಯ್ಯುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣದಾಗಿರುವುದು ಇಲ್ಲಿ ನೆರವಿಗೆ ಬರುತ್ತದೆ, ಕರಾವಳಿಯ ಬೆವರು ಸೆಕೆಯಲ್ಲಿ ಇದೇ ಫ್ಯಾನ್ ಇಷ್ಟು ತಂಪು ಕೊಡುವುದಿಲ್ಲ. ದಿನಕ್ಕೆ ಎರಡೂವರೆ ಲೀಟರ್ ಆವಿಯಾಗುತ್ತಿತ್ತು. ಆ ಕೊರತೆಯನ್ನು ಬರೀ ಆರ್‌ಓ ನೀರಿನಿಂದಲೇ ತುಂಬಬೇಕು, ಏಕೆಂದರೆ ನೀರು ಹೋದರೂ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ದೀಪವನ್ನು ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಮಾತ್ರ ಇಡುತ್ತೇನೆ, ಅನಿಲ ಅದಕ್ಕಿಂತ ಒಂದು ತಾಸು ಮೊದಲು ಶುರುವಾಗುತ್ತದೆ.

ಸಿಲಿಂಡರ್ ತರಲು ಆಗದವರು ಮಾಂಟೆ ಕಾರ್ಲೊ ಎಂಬ ಗಿಡದಿಂದ ಆರಂಭಿಸಿ. ಎಲೆ ತುಸು ದೊಡ್ಡದು, ಹಟ ಕಡಿಮೆ. ಎಚ್‌ಸಿಯನ್ನೇ ಹಿಡಿದವರು ಮೊದಲ ಬಾರಿ ಕತ್ತರಿಸಿದಾಗ ಒಂದು ಅಂಗೈಯಗಲದ ತುಂಡನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒದ್ದೆ ಮಣ್ಣಿನ ಮೇಲೆ, ನೇರ ಬಿಸಿಲು ಬೀಳದ ಕಿಟಕಿಯಲ್ಲಿ ಇಟ್ಟುಕೊಳ್ಳಿ. ನನ್ನ ಡಬ್ಬಿ ಅಡುಗೆಮನೆಯ ಉತ್ತರದ ಕಿಟಕಿಯಲ್ಲಿದೆ, ಹನಿ ಸಿಂಪಡಿಸುವ ಕೆಲಸ ಮಗಳದು. ಈ ದೀಪಾವಳಿಗೆ ಅವಳ ತೊಟ್ಟಿಗೆ ಅದರಿಂದಲೇ ನೆಡುತ್ತೇವೆ.