ಮೈಯೆಲ್ಲ ನೋವು, ರಿಪೋರ್ಟ್ ಎಲ್ಲ ನಾರ್ಮಲ್: ಫೈಬ್ರೊಮಯಾಲ್ಜಿಯಾ ಇರಬಹುದಾ? ಹೀಗೆ ಮಾಡಿ

ಬೆಳಗ್ಗೆ ಏಳುವಾಗಲೇ ಮೈಕೈ ನೋವು. ನಿದ್ದೆ ಮಾಡಿದರೂ ಸುಸ್ತು ಹೋಗಿರುವುದಿಲ್ಲ. ಅಡುಗೆಮನೆಗೆ ಹೋದರೆ ಯಾಕೆ ಬಂದೆ ಅನ್ನುವುದೇ ಮರೆತುಹೋಗುತ್ತದೆ. ರಕ್ತ ಕೊಟ್ಟು ಬಂದರೆ ಎಲ್ಲ ನಾರ್ಮಲ್, ಮನೆಯವರು ‘ಸುಮ್ನೆ ಯೋಚನೆ ಮಾಡ್ಬೇಡ’ ಅನ್ನುತ್ತಾರೆ. ಇದು 3 ತಿಂಗಳು ದಾಟಿದ್ದರೆ ಫೈಬ್ರೊಮಯಾಲ್ಜಿಯಾ ಇರಬಹುದಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ನೋವು ನಿಜ. ಈ ಕಾಯಿಲೆಯಲ್ಲಿ ನರಗಳು, ಮಿದುಳು ಸೇರಿ ನೋವಿನ ಸೂಚನೆಯನ್ನು ದೊಡ್ಡದು ಮಾಡುತ್ತವೆ. ಕೀಲು, ಸ್ನಾಯು ಇದರಿಂದ ಹಾಳಾಗುವುದಿಲ್ಲ, ಅದಕ್ಕೇ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ.

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎರಡು ವಾರ, ದಿನಕ್ಕೆ ಒಂದೇ ಸಾಲು: ‘ಮಂಗಳವಾರ, ಭುಜ ಮತ್ತು ಸೊಂಟದ ನೋವು ಹತ್ತಕ್ಕೆ 6, ರಾತ್ರಿ ಮೂರು ಸಲ ಎಚ್ಚರ, ಮಧ್ಯಾಹ್ನ ಬೆಡ್‌ಶೀಟ್ ಎಲ್ಲ ಒಗೆದೆ. ಬುಧವಾರ, ಏಳೋಕೇ ಆಗಲಿಲ್ಲ.’ ಡಾಕ್ಟರ ಹತ್ತಿರ ಸಿಗುವುದು ಐದು ಹತ್ತು ನಿಮಿಷ. ‘ಎಲ್ಲಾ ಕಡೆ ನೋವು’ ಅನ್ನುವುದಕ್ಕಿಂತ ಈ ಸಾಲುಗಳು ಎಷ್ಟೋ ಹೆಚ್ಚು ಹೇಳುತ್ತವೆ.

ಆಮೇಲೆ ಫಿಸಿಶಿಯನ್ ಅಥವಾ ರುಮಟಾಲಜಿಸ್ಟ್ (ಕೀಲು, ಸ್ನಾಯು ಕಾಯಿಲೆಗಳ ತಜ್ಞರು) ಹತ್ತಿರ ಹೋಗಿ. ಫೈಬ್ರೊಮಯಾಲ್ಜಿಯಾ ಇದೆ ಅಂತ ತೋರಿಸುವ ರಕ್ತಪರೀಕ್ಷೆ ಇಲ್ಲ. ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್ ಮತ್ತು ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡುವ ಪರೀಕ್ಷೆಗಳು), ಥೈರಾಯ್ಡ್, ಕೆಲವೊಮ್ಮೆ ವಿಟಮಿನ್ ಡಿ ಬರೆಯುವುದು ಇದೇ ತರಹ ನೋವು ಕೊಡುವ ಬೇರೆ ಕಾಯಿಲೆ ಇದೆಯಾ ಅಂತ ನೋಡಲು. ಈ ಕಾಯಿಲೆ ಗುರುತಿಸುವ 1990ರ ಮಾನದಂಡದಲ್ಲಿ ಮೈಮೇಲಿನ 18 ಜಾಗಗಳನ್ನು ಒತ್ತಿ, ಕನಿಷ್ಠ 11ರಲ್ಲಿ ನೋವಿದೆಯಾ ಅಂತ ನೋಡುತ್ತಿದ್ದರು. ಈಗ ಅದು ಕಡ್ಡಾಯವಲ್ಲ. 2016ರ ಮಾನದಂಡದಂತೆ ದೇಹದ ಐದು ಭಾಗಗಳಲ್ಲಿ ಕನಿಷ್ಠ ನಾಲ್ಕರಲ್ಲಿ ನೋವು ಇರಬೇಕು, ಜೊತೆಗೆ ಸುಸ್ತು, ನಿದ್ದೆ, ಮರೆವು ಎಲ್ಲಕ್ಕೂ ಅಂಕ ಹಾಕುತ್ತಾರೆ. ಸಂಧಿವಾತ ಇದ್ದವರಿಗೂ ಇದು ಇರಬಹುದು, ಒಂದು ಇದ್ದರೆ ಇನ್ನೊಂದು ಇಲ್ಲ ಅಂತಲ್ಲ. ಆದರೆ ಕೀಲು ಊದಿಕೊಂಡಿದ್ದರೆ, ಜ್ವರ ಬರುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಕೈಕಾಲಲ್ಲಿ ಶಕ್ತಿ ಕಮ್ಮಿಯಾದರೆ ಕಾಯಬೇಡಿ, ಬೇಗ ತೋರಿಸಿ.

ಹೆಸರು ಗೊತ್ತಾದ ಮೇಲೆ ಮೊದಲ ಔಷಧಿ ನಡಿಗೆ. ನೋವಿದ್ದವರಿಗೆ ನಡಿ ಅಂದರೆ ಸಿಟ್ಟು ಬರುತ್ತದೆ, ನಿಜ. ಆದರೂ ಯುರೋಪಿನ 2017ರ ಮಾರ್ಗಸೂಚಿ ಬಲವಾಗಿ ಹೇಳಿದ ಚಿಕಿತ್ಸೆ ವ್ಯಾಯಾಮ ಒಂದೇ. ಐದು ನಿಮಿಷದಿಂದ ಶುರು ಮಾಡಿ, ಮಾರನೇ ದಿನ ನೋವು ಜಾಸ್ತಿಯಾಗದಿದ್ದರೆ ವಾರಕ್ಕೆ ಒಂದೆರಡು ನಿಮಿಷ ಸೇರಿಸಿ. ತುಂಬ ಜನ ಎಡವುವುದು ಚೆನ್ನಾಗಿರುವ ದಿನ: ಇವತ್ತು ಪರವಾಗಿಲ್ಲ ಅಂತ ಹಬ್ಬದ ಕ್ಲೀನಿಂಗ್ ಪೂರ್ತಿ ಮುಗಿಸಿ ಮೂರು ದಿನ ಮಲಗುತ್ತಾರೆ. ಒಂದು ಕಪಾಟು ಸಾಕು, ಕೂತು ಸುಧಾರಿಸಿಕೊಳ್ಳಿ, ಅಟ್ಟದ ಡಬ್ಬಗಳನ್ನು ಮನೆಯವರು ಇಳಿಸಲಿ. ಮಲಗುವ, ಏಳುವ ಹೊತ್ತು ದಿನಾ ಒಂದೇ ಇರಲಿ. ಸಂಜೆ ಕಾಫಿ ಬಿಡಿ.

ಇನ್ನು ಮಾತ್ರೆ. ದಿನಾ ಪೇನ್‌ಕಿಲ್ಲರ್ ನುಂಗುವುದರಿಂದ ಈ ನೋವಿಗೆ ಹೆಚ್ಚು ಪ್ರಯೋಜನವಿಲ್ಲ, ಹೊಟ್ಟೆ, ಕಿಡ್ನಿಗೆ ತೊಂದರೆ ಬೇರೆ. ಸ್ಟೀರಾಯ್ಡ್ ಕೂಡ ಬೇಡ. ಕಡಿಮೆ ಡೋಸ್ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರಿಗಾಬಾಲಿನ್ ಕೆಲವರಿಗೆ ಸಹಾಯ ಮಾಡುತ್ತವೆ. ಮೊದಲೆರಡು ಡಿಪ್ರೆಶನ್‌ಗೂ ಕೊಡುವ ಮಾತ್ರೆಗಳು, ಅವನ್ನು ಬರೆದರು ಅಂತ ನೊಂದುಕೊಳ್ಳಬೇಡಿ, ಅದು ನೋವಿನ ನರಗಳ ಮೇಲೂ ಕೆಲಸ ಮಾಡುತ್ತದೆ. ಪ್ರಿಗಾಬಾಲಿನ್‌ನಿಂದ ತೂಕಡಿಕೆ, ತಲೆಸುತ್ತು ಬರಬಹುದು, ಹೇಗೆ ಹೊಂದುತ್ತದೆ ಅಂತ ಗೊತ್ತಾಗುವವರೆಗೆ ಸ್ಕೂಟರ್ ಓಡಿಸಬೇಡಿ. ಇವುಗಳಲ್ಲಿ ಯಾವುದನ್ನೂ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿ ನಿಧಾನವಾಗಿ ಕಮ್ಮಿ ಮಾಡಿ.